ಮೊದಲು ಕಾಲು, ಆಮೇಲೆ ಕಣ್ಣು, ಕೊನೆಗೆ ಲೆನ್ಸು

ಸತ್ತವರಿಗೆ ಸಿಟ್ಟು ಬರುವುದಿಲ್ಲ. ಅದು ನಮ್ಮ ಕಡೆಯ ಫೋಟೋಗ್ರಾಫರ್‌ಗಳ ಪುಣ್ಯ. ಬರುವಂತಿದ್ದರೆ, ಹೋದ ತಿಂಗಳು ಮುಳಬಾಗಿಲಿನ ಆ ನುಡಿನಮನ ಸಭೆಯಲ್ಲಿ ಅವರು ಫ್ಲೆಕ್ಸಿನಿಂದ ಎದ್ದು ಬಂದು ಒಬ್ಬೊಬ್ಬರ ಕೆನ್ನೆಗೂ ಬಾರಿಸುತ್ತಿದ್ದರು. ಬದುಕಿಡೀ ಫೋಟೋ ತೆಗೆಯುತ್ತ ಮಂದಿಯ ಮೂಗು ಕಾಪಾಡಿದ ಮನುಷ್ಯ. ಅಂಥವರ ಫ್ಲೆಕ್ಸಿಗೆ ಯಾರೋ ಮುಖದ ಹತ್ತಿರ ಮೊಬೈಲು ಹಿಡಿದು ತೆಗೆದ ಫೋಟೋ ಹಾಕಿದ್ದರು. ಮೂಗು ಬದನೆಕಾಯಿ ಆಗಿತ್ತು, ಕಿವಿಗಳು ಎಲ್ಲೋ ಹಿಂದೆ ಬಿದ್ದಿದ್ದವು. ಕೆಳಗೆ ‘ಛಾಯಾಗ್ರಹಣ ಬ್ರಹ್ಮ’ ಎಂದು ಬಂಗಾರದ ಬಣ್ಣದ ಅಕ್ಷರ. ಅದರ ಕೆಳಗೆ ಫೋಟೋಗ್ರಾಫರ್‌ಗಳ ಸಂಘದ ಪದಾಧಿಕಾರಿಗಳ ಫೋಟೋ ಸಾಲಾಗಿ, ಎಲ್ಲರೂ ಕೈಮುಗಿದು ನಗುತ್ತಿದ್ದರು. ಸತ್ತಿದ್ದು ಇವರಿಗೆಲ್ಲ ಯಾಕಷ್ಟು ಖುಷಿಯೋ ದೇವರಿಗೇ ಗೊತ್ತು.

ಅವರ ಹೆಸರು ನಾನು ಬರೆಯುವುದಿಲ್ಲ. ಬರೆದರೆ ಅದನ್ನೂ ಕತ್ತರಿಸಿಕೊಂಡು ಹೋಗಿ ಇನ್ನೊಂದು ಫ್ಲೆಕ್ಸಿಗೆ ಹಾಕುವ ಜನ ಇದ್ದಾರೆ. ಊರಿಗೆ ಅವರು ಡಬ್ಬದ ಫೋಟೋದವರು. ನಾನು ಕರೆಯುತ್ತಿದ್ದದ್ದು ಅಣ್ಣ ಎಂದು. ನಾನು ಕನ್ನಡಕದ ಅಂಗಡಿಯವನು. ನನ್ನ ಅಂಗಡಿಗೂ ಅವರ ಸ್ಟುಡಿಯೊಗೂ ನಡುವೆ ಒಂದೇ ಗೋಡೆ. ಆ ಗೋಡೆಗೆ ಎರಡು ಸಲ ಗುದ್ದಿದರೆ ಟೀ ಬಂದಿದೆ ಎಂದು ಅರ್ಥ, ಒಂದೇ ಸಲ ಜೋರಾಗಿ ಗುದ್ದಿದರೆ ಯಾರೋ ಗಿರಾಕಿ ಅವರ ತಲೆ ಕೆಡಿಸುತ್ತಿದ್ದಾರೆ, ಬಂದು ಓಡಿಸು ಎಂದು ಅರ್ಥ. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ. ‘ಏನ್ಲಾ ಕನ್ನಡಕ’ ಅನ್ನುತ್ತಿದ್ದರು.

ಊರೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುವ ಈ ಕಾಲದಲ್ಲೂ ಅವರು ಮರದ ಡಬ್ಬದ ಕ್ಯಾಮೆರಾ ಬಿಡಲಿಲ್ಲ. ಮುಂದೆ ಲೆನ್ಸು, ಹಿಂದೆ ಉಜ್ಜಿದ ಗಾಜು, ನಡುವೆ ಹಾರ್ಮೋನಿಯಂ ತಿದಿಯಂಥ ಚರ್ಮದ ಮಡಿಕೆ. ಕಪ್ಪು ಬಟ್ಟೆ ಹೊದ್ದು ಹಿಂದಿನ ಗಾಜು ನೋಡಿದರೆ ಎದುರಿನ ಲೋಕ ತಲೆಕೆಳಗಾಗಿ ಕಾಣುತ್ತದೆ. ಮಕ್ಕಳ ಸ್ಲೇಟಿನಷ್ಟು ದೊಡ್ಡ ಫಿಲ್ಮು ಬೇಕು. ಅದು ಈಗ ಎಲ್ಲಿ ಸಿಗುತ್ತದೆ? ಕೋಲಾರದ ಸ್ಕ್ಯಾನಿಂಗ್ ಸೆಂಟರಿನಿಂದ ಎಕ್ಸ್‌ರೇ ಫಿಲ್ಮು ತಂದು ಕೆಂಪು ದೀಪದಲ್ಲಿ ಕತ್ತರಿಸಿಕೊಳ್ಳುತ್ತಿದ್ದರು. ಆ ಫಿಲ್ಮಿಗೆ ಕೆಂಪು ಕಾಣುವುದಿಲ್ಲ, ಹೆಂಗಸರ ಹಣೆಯ ಕುಂಕುಮ ಕಾಡಿಗೆಯಷ್ಟು ಕಪ್ಪಗೆ ಬರುತ್ತಿತ್ತು. ಯಾರಾದರೂ ಕೇಳಿದರೆ, ‘ಎಲುಬು ನೋಡೋ ಫಿಲ್ಮಮ್ಮ, ಕುಂಕುಮಕ್ಕೆಲ್ಲ ಮರ್ಯಾದೆ ಕೊಡಲ್ಲ’ ಅನ್ನುತ್ತಿದ್ದರು.

ಅವರ ಹತ್ತಿರ ಮೂರು ಲೆನ್ಸ್ ಇದ್ದವು. ಗಿಡ್ಡದ್ದು ಕಟ್ಟಡಕ್ಕೆ, ನಡುವಿನದು ಗುಂಪಿಗೆ, ಹಿತ್ತಾಳೆಯ ಕೊಳವೆಯಂಥ ಉದ್ದನೆಯದು ಮುಖಕ್ಕೆ. ಯಾವ ಲೆನ್ಸು ಒಳ್ಳೆಯದು ಎಂದು ಅವರನ್ನು ಕೇಳಬಾರದಿತ್ತು. ಕೇಳಿದವನ ಗತಿ ಮುಗಿಯಿತು. ‘ಯಾವ ಚಪ್ಲಿ ಒಳ್ಳೇದು ಅಂತ ಕೇಳ್ತೀಯೇನಯ್ಯ? ಯಾರ ಕಾಲಿಗೆ ಅಂತ ಕೇಳು. ಎಷ್ಟು ದೂರ ನಿಂತ್ಕೊಳ್ಳೋಕೆ ಜಾಗ ಐತೆ, ಏನು ತೆಗೀಬೇಕು, ಅದನ್ನ ಹೇಳು ಮೊದ್ಲು.’

ಶ್ರೀನಿವಾಸಪುರದ ಮಾವಿನ ಮಂಡಿಯವರೊಬ್ಬರು ತಮ್ಮ ತಾಯಿಯ ಫೋಟೋ ತೆಗೆಸಲು ಕರೆದಿದ್ದರು. ಅಣ್ಣ ಕ್ಯಾಮೆರಾ ಹೊತ್ತು ಹಿಂದೆ ಹಿಂದೆ ಹೋಗಿ, ಅಂಗಳ ದಾಟಿ, ಬೀದಿ ದಾಟಿ, ಎದುರುಮನೆಯವರ ಜಗಲಿಯ ಮೇಲೆ ಇಟ್ಟರು. ಮಂಡಿಯವರಿಗೆ ತಲೆಬಿಸಿ. ‘ಅಷ್ಟು ದೂರದಿಂದ ಅಮ್ಮ ಕಾಣ್ತಾರಾ ಸಾರ್? ಹತ್ರ ಬನ್ನಿ’ ಅಂದರು. ‘ಮುಖದ ಹತ್ರ ಹೋಗೋದು ಸೊಳ್ಳೆ ಕೆಲಸ ಸ್ವಾಮಿ, ನನ್ನದಲ್ಲ’ ಅಂದರು ಇವರು. ಹತ್ತಿರ ಹೋದರೆ ಮೂಗು ಮುಂದಕ್ಕೆ ನುಗ್ಗುತ್ತದೆ, ಕಿವಿ ಹಿಂದಕ್ಕೆ ಓಡುತ್ತದೆ. ದೂರ ನಿಂತು ಉದ್ದನೆಯ ಲೆನ್ಸ್ ಹಾಕಿದರೆ ಮುಖ ದೇವರು ಕೊಟ್ಟ ಹಾಗೇ ಇರುತ್ತದೆ. ಆ ಫೋಟೋ ಈಗಲೂ ಆ ಮನೆಯ ನಡುಮನೆಯಲ್ಲಿದೆ. ಆ ತಾಯಿಯ ಮೂಗು ಎಷ್ಟು ಚಂದ ಬಂದಿದೆ ಎಂದರೆ, ಸೊಸೆಯರು ತಮ್ಮ ಮಕ್ಕಳಿಗೆ ಅಜ್ಜಿಯ ಮೂಗು ಬರಲಿಲ್ಲವಲ್ಲ ಎಂದು ಪೇಚಾಡುತ್ತಾರೆ.

ದೇವರಾಯಸಮುದ್ರದ ಕೆರೆ ಕೋಡಿ ಹರಿದ ವರ್ಷ ಎಲ್ಲರೂ ಅಗಲವಾಗಿ ಕಾಣುವ ಲೆನ್ಸ್ ಹಿಡಿದು ಓಡಿದರು. ಇವರು ಉದ್ದನೆಯದನ್ನೇ ಹಾಕಿದರು. ‘ಕೆರೆಗೆ ಅಗಲದ್ದು ಹಾಕಿದ್ರೆ ನೀರು ತಟ್ಟೆ ಆಗ್ತದೆ, ಹಿಂದಿನ ಬೆಟ್ಟ ಇರುವೆ ಆಗ್ತದೆ’ ಅಂದರು. ಅದೂ ನಿಜವೇ. ಅವರ ಫೋಟೋದಲ್ಲಿ ಬೆಟ್ಟ ನೀರಿನ ಪಕ್ಕದಲ್ಲೇ ಬಂದು ಕೂತಿತ್ತು.

ಈಗ ಅಧ್ಯಕ್ಷನ ವಿಷಯಕ್ಕೆ ಬರುತ್ತೇನೆ. ಈಗ ಫೋಟೋಗ್ರಾಫರ್‌ಗಳ ಸಂಘದ ಅಧ್ಯಕ್ಷನಾಗಿರುವ ಇವನು ಅಣ್ಣನ ಶಿಷ್ಯ. ವೇಮಗಲ್‌ನಲ್ಲಿ ಸ್ಟುಡಿಯೊ ಇಟ್ಟುಕೊಂಡು ಫ್ಯಾಕ್ಟರಿಯವರ ಗುರುತಿನ ಚೀಟಿಗೆ ಫೋಟೋ ತೆಗೆಯುತ್ತಾನೆ. ಒಳ್ಳೆಯ ಮಾತುಗಾರ, ಕಾಲಿಗೆ ಬೀಳುವುದರಲ್ಲಂತೂ ಎತ್ತಿದ ಕೈ. ಒಮ್ಮೆ ಆನ್‌ಲೈನಿನಲ್ಲಿ ಹಳೆಯ ಹಿತ್ತಾಳೆ ಲೆನ್ಸೊಂದನ್ನು ತರಿಸಿಕೊಂಡು ಕುಣಿದುಕೊಂಡು ಬಂದ. ಅಣ್ಣ ಅದನ್ನು ಕ್ಯಾಮೆರಾಕ್ಕೆ ಹಾಕಿ ತೋರಿಸಿದರು. ನಡುವೆ ದುಂಡಗೆ ಬೆಳಕು, ನಾಲ್ಕು ಮೂಲೆಯೂ ಕಪ್ಪು. ‘ಇದು ಸಣ್ಣ ಫಿಲ್ಮಿಗೆ ಮಾಡಿರೋ ಲೆನ್ಸು ಕಣೋ. ಮಗೂನ ಕಂಬಳಿ ತಂದು ಅಪ್ಪನಿಗೆ ಹೊದಿಸಿದ್ರೆ ಕಾಲು ಹೊರಗೇ ಇರ್ತದೆ. ಬರೀ ಹೊಳಪು ನೋಡಿ ತಂದಿದೀಯ’ ಅಂದರು. ಹೊಳಪು ನೋಡಿ ಮರುಳಾಗುವುದು ಅವನ ಹುಟ್ಟುಗುಣ. ಅದನ್ನು ಆವತ್ತೇ ನಾವು ಗಮನಿಸಬೇಕಿತ್ತು.

ಇದೇ ಅಧ್ಯಕ್ಷ ಒಮ್ಮೆ ಮಾಲೂರಿನ ಶಾಲೆಯೊಂದರಲ್ಲಿ ಗುಂಪು ಫೋಟೋ ತೆಗೆದು, ಅದು ಅಲುಗಿ ಬಂದಾಗ ಲೆನ್ಸನ್ನು ಬೈಯತೊಡಗಿದ. ಅಣ್ಣ ಅವನ ಕಿವಿ ಹಿಡಿದು ಮೈದಾನಕ್ಕೆ ಕರೆದೊಯ್ದು ಕ್ಯಾಮೆರಾ ನಿಲ್ಲಿಸಿದ್ದ ಜಾಗ ತೋರಿಸಿದರು. ಸ್ಟ್ಯಾಂಡಿನ ಒಂದು ಕಾಲು ಮೆತ್ತನೆ ಮಣ್ಣಿನಲ್ಲಿ ಹೂತಿದ್ದ ಗುರುತಿತ್ತು. ‘ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಫೋಟೋ ಕೆಟ್ರೆ ಮೊದಲು ಕಾಲು ನೋಡು. ಆಮೇಲೆ ನಿನ್ನ ಕಣ್ಣು ನೋಡ್ಕೋ. ಲೆನ್ಸನ್ನ ಕೊನೆಗೆ ಬೈಯಿ’ ಅಂದರು. ಅವರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ. ಕಾಲು, ಕಣ್ಣು, ಲೆನ್ಸು. ಇದೇ ಅವರ ಮಂತ್ರ. ಕೊನೆಗೆ ಇದೇ ಅವರ ಕುತ್ತಿಗೆಗೆ ಬಂತು.

ಇಷ್ಟೆಲ್ಲ ಫೋಟೋ ತೆಗೆದವರಿಗೆ ಒಂದು ಆಸೆ ಉಳಿದಿತ್ತು. ಕುರುಡುಮಲೆಯಲ್ಲಿರುವ ತಮ್ಮ ಅಕ್ಕನ ಫೋಟೋ. ತಾಯಿ ಬೇಗ ಹೋದ ಮೇಲೆ ಇವರನ್ನು ಸಾಕಿದವಳು ಆ ಅಕ್ಕ. ಗಂಡ ತೀರಿದ ಮೇಲೂ ಹಸು ಕಟ್ಟಿಕೊಂಡು, ಹಿಪ್ಪುನೇರಳೆ ಸೊಪ್ಪು ಕೊಯ್ದು ಮಾರಿಕೊಂಡು, ಯಾರ ಹಂಗೂ ಇಲ್ಲದೆ ಬದುಕಿದ ಗಟ್ಟಿಗಿತ್ತಿ. ಆದರೆ ಪಟ ತೆಗೆಸಿದರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ನಂಬಿದ್ದಳು. ಅವರಪ್ಪ ಫೋಟೋ ತೆಗೆಸಿಕೊಂಡ ವರ್ಷವೇ ಹೋಗಿದ್ದರಂತೆ. ‘ಲೋಕದವರದ್ದೆಲ್ಲ ತೆಗೀತಾನೆ, ತೆಗೀಲಿ. ನನ್ನ ತಂಟೆಗೆ ಬಂದ್ರೆ ಕಪ್ಪು ಬಟ್ಟೆ ಒಲೆಗೆ ಹಾಕ್ತೀನಿ’ ಅನ್ನುತ್ತಿದ್ದಳು. ಫೋಟೋ ತೆಗೆಯುವಾಗ ಅಣ್ಣ ಲೆನ್ಸಿನ ಮುಚ್ಚಳ ತೆಗೆದು ಬೆಳಕಿಗೆ ಹೇಳುತ್ತಿದ್ದ ಮಾತೊಂದಿತ್ತು: ‘ಬಾ ತಾಯಿ, ಕೂತ್ಕೋ ತಾಯಿ, ಎದ್ದೋಗು ತಾಯಿ.’ ಅಷ್ಟು ಹೇಳಿ ಮುಚ್ಚಳ ಹಾಕಿದರೆ ಬೆಳಕು ಸರಿಯಾಗಿ ಬಿದ್ದಿರುತ್ತಿತ್ತು. ಅದು ಅಕ್ಕ ಹಸುವಿಗೆ ಹೇಳುತ್ತಿದ್ದ ಮಾತೇ.

ಎರಡು ಕಣ್ಣಿಗೂ ಪೊರೆ ಬಂದಾಗ ನಾನೇ ಹಟ ಹಿಡಿದು ಅವರನ್ನು ಕೋಲಾರದ ಆಸ್ಪತ್ರೆಗೆ ಸೇರಿಸಿದೆ. ನವರಾತ್ರಿಯ ಸಮಯ. ಆಪರೇಷನ್ನಿಗೆ ಹೋಗುವ ಮುಂಚೆ ಕಟ್ಟಡದ ಲೆನ್ಸು, ಗುಂಪಿನ ಲೆನ್ಸು ಎರಡನ್ನೂ ಬೆಂಗಳೂರಿನಲ್ಲಿ ಇಂಥ ಕ್ಯಾಮೆರಾ ಇಟ್ಟುಕೊಂಡಿದ್ದ ಒಬ್ಬ ಹೆಣ್ಣುಮಗಳಿಗೆ ಕೊಟ್ಟುಬಿಟ್ಟರು. ‘ನಂಗಿನ್ನು ಮುಖ ಒಂದೇ ಸಾಕು’ ಅಂದರು. ಆ ಮುಖ ಯಾವುದೆಂದು ನನಗೆ ಗೊತ್ತಿತ್ತು. ‘ಈ ಕಣ್ಣು ಸರಿಹೋದ್ರೆ ಕೂತ್ಕೋತೀನಿ ಅಂತ ಅಕ್ಕ ಒಪ್ಪವ್ಳೆ ಕಣ್ಲಾ’ ಎಂದು ಮಗುವಿನಂತೆ ಹೇಳಿಕೊಂಡಿದ್ದರು.

ಆಯುಧಪೂಜೆಗೆಂದು ಸ್ಟುಡಿಯೊದ ಬೀಗದ ಕೈಯನ್ನು ಅಧ್ಯಕ್ಷನಿಗೆ ಕೊಟ್ಟಿದ್ದರು. ‘ಸ್ಟ್ಯಾಂಡಿನ ಕಾಲಿಗೆ ಕುಂಕುಮ ಇಡು, ಒಂದು ಹೂವು ಇಡು, ಸಾಕು. ಗಾಜು ಮುಟ್ಟಬೇಡ’ ಎಂದು ಹಾಸಿಗೆಯ ಮೇಲೆ ಮಲಗಿ ನನ್ನೆದುರಿಗೇ ಹೇಳಿದ್ದರು. ‘ಆಯ್ತು ಸಾರ್’ ಎಂದು ಇವನು ಕಾಲಿಗೆ ಬಿದ್ದು ಹೋಗಿದ್ದ.

ಕಪ್ಪು ಕನ್ನಡಕ ಹಾಕಿಕೊಂಡು ಅಣ್ಣ ವಾಪಸು ಬಂದಾಗ ಆ ಹಿತ್ತಾಳೆ ಲೆನ್ಸು ಥಳಥಳ ಹೊಳೆಯುತ್ತಿತ್ತು. ಎಷ್ಟೋ ಕಾಲದಿಂದ ಕಂದಿಹೋಗಿದ್ದ ಹಿತ್ತಾಳೆ ಅದು. ಅವರು ಅದನ್ನು ಹಾಗೆಯೇ ಇಟ್ಟುಕೊಂಡಿದ್ದರು. ಬೀಗದ ಕೈ ವಾಪಸು ಕೊಡಲು ಬಂದಿದ್ದ ಅಧ್ಯಕ್ಷನನ್ನು ಮುಖ ಸಿಂಡರಿಸಿಕೊಂಡು ಕೇಳಿದರು: ‘ಯಾವನಯ್ಯ ಇದನ್ನ ಮದುವೆ ಹೆಣ್ಣು ಮಾಡಿದ್ದು? ಬಿಚ್ಚಿದ್ರೇನೋ?’

‘ಅಯ್ಯೋ ಇಲ್ಲ ಸಾರ್. ಹಬ್ಬ ಅಲ್ವಾ, ಮೇಲ್ಮೇಲೆ ಒರೆಸಿದ್ವಿ ಅಷ್ಟೇ.’

‘ಗಾಜು?’

‘ದೇವರಾಣೆಗೂ ಮುಟ್ಟಿಲ್ಲ ಸಾರ್.’

ನಾನು ಅಲ್ಲೇ ಇದ್ದೆ. ಆ ಆಣೆ ನನ್ನ ಕಿವಿಯಲ್ಲಿ ಈಗಲೂ ಇದೆ.

ಕಣ್ಣು ವಾಸಿಯಾದ ಮೇಲೆ ಅಕ್ಕನ ಫೋಟೋಕ್ಕೆ ಹೊರಟೆವು. ನನ್ನ ವ್ಯಾನಿನಲ್ಲೇ ಡಬ್ಬ, ಸ್ಟ್ಯಾಂಡು ಹಾಕಿಕೊಂಡು ಕುರುಡುಮಲೆಗೆ ಹೋದೆವು. ಅಕ್ಕ ನೀಲಿ ಅಂಚಿನ ಸೀರೆ ಉಟ್ಟು, ಮೂಗುಬೊಟ್ಟು ತೊಳೆದು ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದಳು. ಯುದ್ಧಕ್ಕೆ ಹೊರಟವಳ ಹಾಗೆ ಬಿಗಿದಿದ್ದಳು. ಅಣ್ಣ ಯಾವಾಗಲೂ ಹೇಳುವಂತೆ, ‘ಉಸಿರು ಬಿಡು ಅಕ್ಕ, ಸಿಟ್ಟು ಬಿಡು’ ಅಂದರು. ಬಟ್ಟೆ ಹೊದ್ದು ಒಳಗೆ ಹೋದರು. ಎಷ್ಟೋ ಹೊತ್ತು ಹೊರಗೆ ಬರಲಿಲ್ಲ. ತಿದಿ ಮುಂದಕ್ಕೆ ಹೋಯಿತು, ಹಿಂದಕ್ಕೆ ಬಂತು, ಮತ್ತೆ ಮುಂದಕ್ಕೆ ಹೋಯಿತು. ಹೊರಗೆ ಬಂದು ಕನ್ನಡಕ ಒರೆಸಿಕೊಂಡರು. ಸ್ಟ್ಯಾಂಡಿನ ಕಾಲು ಒಂದೊಂದೂ ಅಲ್ಲಾಡಿಸಿ ನೋಡಿದರು, ಕಲ್ಲಿನ ಹಾಗೆ ನಿಂತಿದ್ದವು. ಮತ್ತೆ ಒಳಗೆ ಹೋದರು.

ಆವತ್ತು ಮೂರು ಫಿಲ್ಮು ತೆಗೆದರು. ತೊಳೆದು ನೋಡಿದರೆ ಮೂರರಲ್ಲೂ ಅಕ್ಕ ಇರಲಿಲ್ಲ. ಹಾಲಿನಲ್ಲಿ ಮುಳುಗಿಸಿದ ಮುಖ. ಕಣ್ಣು ಎಲ್ಲಿ, ಮೂಗುಬೊಟ್ಟು ಎಲ್ಲಿ, ಒಂದೂ ತಿಳಿಯುತ್ತಿರಲಿಲ್ಲ.

ಗೋಡೆಗೆ ಗುದ್ದು ಬೀಳಲಿಲ್ಲ. ನಾನೇ ಹೋದೆ. ನೆಗೆಟಿವ್‌ಗಳು ಕಸದ ಬುಟ್ಟಿಯಲ್ಲಿದ್ದವು. ‘ನನ್ನ ಕಣ್ಣು ಹೋಯ್ತು ಕಣೋ ಕನ್ನಡಕ’ ಅಂದರು.

ನನಗೆ ರೇಗಿತು. ‘ಏನ್ ಹೇಳ್ತೀರಣ್ಣ? ನಾನೇ ಟೆಸ್ಟ್ ಮಾಡಿದೀನಿ. ಕೊನೇ ಸಾಲು ಓದಿದ್ರಿ. ಇಲ್ಲಿಂದ ಎದುರುಗಡೆ ಬೋರ್ಡು ಓದ್ತೀರಿ.’

‘ಬೋರ್ಡು ಓದೋ ಕಣ್ಣು ಬೇರೆ, ಫೋಕಸ್ ಮಾಡೋ ಕಣ್ಣು ಬೇರೆ.’

‘ಲೆನ್ಸು ಒಂದ್ಸಲ ಬಿಚ್ಚಿ ನೋಡ್ಲಾ?’

ನನ್ನ ಕೈ ಮೇಲೆ ಪಟ್ಟನೆ ಹೊಡೆದರು. ‘ಮುಟ್ಟಬೇಡ! ಕಾಲು ನೋಡ್ದೆ, ಸರಿ ಐತೆ. ಇನ್ನು ಉಳಿದಿದ್ದು ಕಣ್ಣು. ಹುಡುಗ ದೇವರಾಣೆ ಇಟ್ಟು ಹೇಳವ್ನೆ ಮುಟ್ಟಿಲ್ಲ ಅಂತ. ಈ ವಯಸ್ಸಲ್ಲಿ ನನ್ನ ತಪ್ಪಿಗೆ ಲೆನ್ಸನ್ನ ಬೈಲಾ? ಕುಣೀಲಾರದೋಳು ನೆಲ ಡೊಂಕು ಅಂದ್ಲು ಅಂತ ಊರು ನಗಲಾ?’

ಅವರ ಮೇಲೂ ನನಗೆ ಸಿಟ್ಟಿದೆ, ಮುಚ್ಚಿಟ್ಟುಕೊಳ್ಳುವುದಿಲ್ಲ. ಅಂಥ ಸಿಟ್ಟಿದೆ! ಶಿಷ್ಯನ ನಾಲಿಗೆ ನಂಬಿದರು, ತಮ್ಮ ಕಣ್ಣು ನಂಬಲಿಲ್ಲ. ಪಕ್ಕದಲ್ಲಿ ಗಾಜಿನ ಕೆಲಸ ಮಾಡುವ ನಾನೊಬ್ಬ ಕೂತಿದ್ದೇನೆ, ನನ್ನ ಮಾತನ್ನೂ ನಂಬಲಿಲ್ಲ. ಯಾರನ್ನಾದರೂ ಅನುಮಾನಿಸಬೇಕಾಗಿ ಬಂದಾಗ ಮೊದಲು ತಮ್ಮನ್ನೇ ಅನುಮಾನಿಸಿಕೊಳ್ಳುವ ಆ ದೊಡ್ಡತನ ಇದೆಯಲ್ಲ, ಅದನ್ನು ನಾವು ಹೊಗಳುತ್ತೇವೆ. ನನ್ನ ಕೇಳಿದರೆ ಅದು ಕಳ್ಳರಿಗೆ ಬಾಗಿಲು ತೆರೆದಿಟ್ಟು ಮಲಗುವ ಬುದ್ಧಿ.

ಆಮೇಲೆ ಅವರು ಕ್ಯಾಮೆರಾ ಮುಟ್ಟಲಿಲ್ಲ. ಕಪ್ಪು ಬಟ್ಟೆ ಮಡಿಚಿ ಡಬ್ಬದ ಮೇಲಿಟ್ಟರು. ಬೆಳಗ್ಗೆ ಸ್ಟುಡಿಯೊದ ಬಾಗಿಲು ತೆಗೆದು ಮೆಟ್ಟಿಲ ಮೇಲೆ ಕೂರುವರು, ಸಂಜೆ ಬಾಗಿಲು ಹಾಕುವರು. ಯಾರಾದರೂ ಹಳಬರು ಬಂದು ‘ಒಂದು ಫೋಟೋ ಸಾರ್’ ಅಂದರೆ ಎದುರು ಸಾಲಿನ ಡಿಜಿಟಲ್ ಸ್ಟುಡಿಯೊ ಕಡೆ ಕೈ ತೋರಿಸುವರು. ಬೈಗುಳವೂ ನಿಂತುಹೋಯಿತು. ಅವರು ಬೈಯದಿದ್ದ ದಿನಗಳನ್ನು ನನಗೆ ನೋಡಲಾಗುತ್ತಿರಲಿಲ್ಲ.

ಈ ನಡುವೆ ಅಧ್ಯಕ್ಷ ಕಸದ ಬುಟ್ಟಿಯಿಂದ ಆ ಮೂರು ನೆಗೆಟಿವ್ ಹೆಕ್ಕಿಕೊಂಡು ಹೋಗಿ, ದೊಡ್ಡದು ಮಾಡಿಸಿ, ಕೋಲಾರದ ಒಂದು ಪ್ರದರ್ಶನಕ್ಕೆ ಹಾಕಿದ. ‘ಗುರುಗಳ ಹೊಸ ಶೈಲಿ’ ಎಂದು ಹೆಸರು ಕೊಟ್ಟ. ಬೆಂಗಳೂರಿನಿಂದ ಬಂದವರು ತಲೆದೂಗಿದರು. ಒಬ್ಬರು ‘ಕನಸಿನ ಹಾಗಿದೆ’ ಅಂದರು, ಇನ್ನೊಬ್ಬರು ‘ನೆನಪಿನ ಹಾಗಿದೆ’ ಅಂದರು. ಸುದ್ದಿ ಕೇಳಿ ಅಣ್ಣ ಒಂದೇ ಮಾತು ಹೇಳಿದರು: ‘ಮಬ್ಬು ಅಂದ್ರೆ ಮಬ್ಬು ಕಣಯ್ಯ. ನಮ್ಮಕ್ಕನ ಮುಖ ಕನಸಲ್ಲ.’

ಈ ವರ್ಷ ಮಾವು ಮುಗಿಯುವ ಹೊತ್ತಿಗೆ, ಅದೇ ಮೆಟ್ಟಿಲ ಮೇಲೆ ಕೂತಿದ್ದವರು ಗೋಡೆಗೆ ಒರಗಿದರು. ಎದೆನೋವು ಎಂದು ಹೇಳಲೂ ಸಮಯವಾಗಲಿಲ್ಲ.

ಇನ್ನು ಆ ಸಭೆ. ವೇದಿಕೆಯ ಒಂದು ಕಡೆ ಬದನೆಕಾಯಿ ಮೂಗಿನ ಫ್ಲೆಕ್ಸು, ಇನ್ನೊಂದು ಕಡೆ ಹಾಲಿನಲ್ಲಿ ಮುಳುಗಿದ ಅಕ್ಕನ ಮೂರು ಮುಖ. ನಡುವೆ ಮೇಜಿನ ಮೇಲೆ ಅವರ ಕ್ಯಾಮೆರಾ. ಲೆನ್ಸಿಗೆ ಸೇವಂತಿಗೆ ಹಾರ. ಅಧ್ಯಕ್ಷ ಮೈಕು ಹಿಡಿದ. ಗುರು, ದೇವರು, ಋಣ ಎಲ್ಲ ಬಂದು ಹೋದವು. ‘ಕೊನೇ ಕಾಲದಲ್ಲಿ ಕಣ್ಣು ಕೈಕೊಟ್ಟರೂ ಅದನ್ನೇ ಕಲೆ ಮಾಡಿಕೊಂಡ ಮಹಾನುಭಾವ’ ಎಂದು ಕಣ್ಣೊರೆಸಿಕೊಂಡ. ಆಮೇಲೆ ತನ್ನ ಗುರುಭಕ್ತಿಗೆ ಸಾಕ್ಷಿ ಬೇಕಿತ್ತೋ ಏನೋ, ಬಾಯಿ ತಪ್ಪಿದ. ತಪ್ಪಿದ ಎಂದು ಅವನಿಗೆ ಗೊತ್ತೂ ಆಗಲಿಲ್ಲ.

‘ಸಾರ್ ಆಸ್ಪತ್ರೆಯಲ್ಲಿದ್ದಾಗ ಆಯುಧಪೂಜೆಗೆ ಈ ಲೆನ್ಸನ್ನ ನಾವೇ ಪೂರ್ತಿ ಬಿಚ್ಚಿ, ಒಳಗಿನ ಒಂದೊಂದು ಗಾಜನ್ನೂ ನೀರಲ್ಲಿ ತೊಳೆದು, ಹಿತ್ತಾಳೆಯನ್ನ ದೇವರ ದೀಪ ತಿಕ್ಕಿದ ಹಾಗೆ ಹುಣಸೆಹಣ್ಣಲ್ಲಿ ತಿಕ್ಕಿ, ಮತ್ತೆ ಜೋಡಿಸಿ ಪೂಜೆ ಮಾಡಿದ್ವಿ. ಆ ಭಾಗ್ಯ ನಮಗೆ ಸಿಕ್ಕಿತ್ತು.’

ಜನ ಚಪ್ಪಾಳೆ ತಟ್ಟಿದರು.

ನಾನು ಎದ್ದು ವೇದಿಕೆ ಹತ್ತಿ, ಹಾರ ಕಿತ್ತು ಫ್ಲೆಕ್ಸಿನ ಮೇಲೆ ಹಾಕಿ, ಕ್ಯಾಮೆರಾ ಕಂಕುಳಲ್ಲಿ ಇರುಕಿಕೊಂಡು ಇಳಿದೆ. ‘ಅಣ್ಣಾ, ಕಾರ್ಯಕ್ರಮ ಮುಗೀಲಿ’ ಎಂದು ಯಾರೋ ಅಂದರು. ಮುಗೀಬೇಕಾದ್ದು ಯಾವತ್ತೋ ಮುಗಿದಿದೆ ಅಂದೆ.

ಅಂಗಡಿಗೆ ಬಂದು ಲೆನ್ಸು ಬಿಚ್ಚಿದೆ. ಮುಂದಿನ ಗಾಜು ಸರಿಯಾಗಿತ್ತು. ಹಿಂಭಾಗದಲ್ಲಿ ಎರಡು ಬಿಡಿ ಗಾಜುಗಳು, ನಡುವೆ ಒಂದು ಬಳೆ. ಬಳೆಯ ಸಂದಿಯಲ್ಲಿ ಒಣಗಿದ ಹುಣಸೆ ನಾರು ಸಿಕ್ಕಿಕೊಂಡಿತ್ತು. ಅದನ್ನು ನೋಡಿದಾಗ ನನಗೆ ಆದದ್ದು ಶತ್ರುವಿಗೂ ಬೇಡ. ಒಂದು ಗಾಜಿನ ಉಬ್ಬಿದ ಮೈ ಯಾವ ಕಡೆ ಇರಬೇಕೋ ಅದರ ಉಲ್ಟಾ ಕೂರಿಸಿದ್ದರು. ದೋಸೆ ಮಗುಚಿದಷ್ಟು ಸಲೀಸಾಗಿ ಮಗುಚಿ ಹಾಕಿದ್ದರು. ಅದನ್ನು ತಿರುಗಿಸಿ ಜೋಡಿಸಿ, ಕ್ಯಾಮೆರಾವನ್ನು ಬಾಗಿಲಿಗೆ ಮುಖ ಮಾಡಿ ಇಟ್ಟು ಬಟ್ಟೆ ಹೊದ್ದೆ. ಎದುರಿನ ಬಳೆ ಅಂಗಡಿ ತಲೆಕೆಳಗಾಗಿ ನಿಂತಿತ್ತು. ಒಂದೊಂದು ಬಳೆಯೂ ಬಿಡಿಬಿಡಿಯಾಗಿ, ಚೊಕ್ಕವಾಗಿ ಕಾಣುತ್ತಿತ್ತು.

ಅವರ ಕಣ್ಣಿಗೆ ಏನೂ ಆಗಿರಲಿಲ್ಲ. ಕುಣಿಯುವವರು ಸರಿಯಾಗಿಯೇ ಕುಣಿದಿದ್ದರು. ನೆಲವೇ ಡೊಂಕಾಗಿತ್ತು.

ಅಧ್ಯಕ್ಷನನ್ನು ಕರೆಸಿ ಅದೇ ಬಟ್ಟೆಯೊಳಗೆ ತಲೆ ಹಾಕಿಸಿದೆ. ಹೊರಗೆ ಬಂದವನ ಮುಖದಲ್ಲಿ ಬೆವರಿತ್ತು. ‘ಜೋಡಿಸುವಾಗ ಯಾವ ಕಡೆ ಅಂತ ಡೌಟ್ ಬಂತಣ್ಣ. ಕೇಳಿದ್ರೆ ಸಾರ್ ಕೊಂದೇ ಹಾಕ್ತಾರೆ ಅಂತ ಹೆದರಿ ಇಲ್ಲ ಅಂದ್ಬಿಟ್ಟೆ’ ಅಂದ.

‘ಅವರು ಕಣ್ಣು ಹೋಯ್ತು ಅಂತ ಮೆಟ್ಟಿಲ ಮೇಲೆ ಕೂತಾಗ್ಲಾದ್ರೂ ಹೇಳ್ಬಹುದಿತ್ತಲ್ಲೋ?’

ಅದಕ್ಕೆ ಅವನು ಹೇಳಿದ ಮಾತು ಕೇಳಿ: ‘ಆದ್ರೂ ಅಣ್ಣ, ಆ ಮಬ್ಬನ್ನ ಎಷ್ಟು ಜನ ಮೆಚ್ಚಿದ್ರು! ಸಾರ್‌ಗೆ ಹೆಸರು ಬಂದಿದ್ದೇ ಅದ್ರಿಂದ.’

ಇಂಥವನಿಗೆ ಹೊಡೆದರೆ ಕೈಗೆ ಕೊಳೆ. ‘ಎದ್ದು ಆಚೆ ನಡಿ’ ಅಂದೆ.

ಮಾರನೇ ದಿನ ಬೆಳಗ್ಗೆ ಕುರುಡುಮಲೆಗೆ ಹೋದೆ. ಸ್ಟುಡಿಯೊದಲ್ಲಿ ಫಿಲ್ಮು ತುಂಬಿಟ್ಟಿದ್ದ ಒಂದೇ ಒಂದು ಚೌಕಟ್ಟು ಉಳಿದಿತ್ತು, ಅಕ್ಕನಿಗೆಂದೇ ಅಣ್ಣ ತುಂಬಿದ್ದು. ಅದನ್ನೂ ಜೊತೆಗೆ ಒಯ್ದೆ. ತೊಳೆಯುವುದನ್ನು ಬೆಂಗಳೂರಿನ ಆ ಹೆಣ್ಣುಮಗಳು ನೋಡಿಕೊಳ್ಳುತ್ತೇನೆ ಅಂದಿದ್ದಳು. ಅಕ್ಕ ಹಸುವಿನ ಮುಂದೆ ಹುಲ್ಲು ಹಾಕುತ್ತಿದ್ದಳು. ತಮ್ಮ ಹೋದ ಮೇಲೆ ತೀರ ಇಳಿದುಹೋಗಿದ್ದಳು. ಡಬ್ಬ ನೋಡಿದವಳೇ ಹಿಂದೆ ಸರಿದಳು.

‘ಅದನ್ನ ಇಲ್ಲಿಗೆ ತರಬೇಡ ನಾಯನಾ. ನನ್ನ ಆಯಸ್ಸು ಹೋದ್ರೆ ಹೋಗ್ಲಿ ಅಂತ ಅವನ ಆಸೆಗೆ ಕೂತ್ಕೊಂಡೆ. ಅದು ನನ್ನ ಬಿಟ್ಟು ಅವನ ಕಣ್ಣು ತಿಂತು. ನಾನು ಕೂತಿದ್ದಕ್ಕೇ ನನ್ನ ತಮ್ಮನ ಕಣ್ಣು ಹೋಯ್ತು. ಆ ಕೊರಗಲ್ಲೇ ಅವನೂ ಹೋದ.’

ಇಷ್ಟು ದಿನ ಈ ಮುದುಕಿ ಇದನ್ನು ಎದೆಯಲ್ಲಿಟ್ಟುಕೊಂಡು ಹಾಲು ಕರೆದಿದ್ದಾಳೆ. ಕೈ ಹಿಡಿದು ಜಗಲಿಯ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದೆ. ಹುಣಸೆಹಣ್ಣು, ಗಾಜು, ಆಣೆ, ಒಂದನ್ನೂ ಬಿಡಲಿಲ್ಲ. ಅವಳು ನಂಬಲಿಲ್ಲ. ಕ್ಯಾಮೆರಾ ನಿಲ್ಲಿಸಿ, ಅವ್ವನಂಥವಳ ತಲೆಯ ಮೇಲೆ ಕಪ್ಪು ಬಟ್ಟೆ ಹೊದಿಸಿ, ನೋಡು ಅಂದೆ.

‘ಎಲ್ಲ ತಲೆಕೆಳಗು ಐತಲ್ಲ ನಾಯನಾ!’

‘ಅದು ಹಂಗೇ ಅಕ್ಕ. ಚೆನ್ನಾಗಿ ಕಾಣ್ತದಾ?’

ಅಕ್ಕ ಬಟ್ಟೆಯೊಳಗೇ ಗಾಜಿಗೆ ಇನ್ನಷ್ಟು ಬಗ್ಗಿದಳು. ‘ಹೊಸ್ತಿಲ ಮೇಲಿನ ರಂಗೋಲಿ ಚುಕ್ಕಿನೂ ಕಾಣ್ತದೆ’ ಅಂದಳು. ಹೊರಗೆ ಬಂದಾಗ ಕೂದಲು ಕೆದರಿತ್ತು. ‘ಹಂಗಾದ್ರೆ ಅವನ ಕಣ್ಣು ಚೆನ್ನಾಗಿತ್ತಾ?’

‘ಚೆನ್ನಾಗಿತ್ತು ಅಕ್ಕ.’

‘ಅವನಿಗೆ ಗೊತ್ತಾಯ್ತಾ?’

‘ಇಲ್ಲ ಅಕ್ಕ.’

ಅಕ್ಕ ನನ್ನನ್ನೇ ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಮುಖ ಕೆಂಪಗಾಯಿತು, ಮೂಗಿನ ಹೊಳ್ಳೆ ಅರಳಿತು. ‘ಯಾವ ದೇವರ ಮೇಲೆ ಆಣೆ ಇಟ್ಟನಂತೆ ಆ ಮುಂಡೇಗಂಡ? ಗಣಪ್ಪ ಇಲ್ಲೇ ನಮ್ಮೂರ ಗುಡೀಲಿ ಕೂತವ್ನೆ, ಬೆಟ್ಟದಷ್ಟು. ಕರ್ಕೊಂಡ್ ಬಾ ಅವನ್ನ. ಇವನ ಮುಂದೆ ನಿಂತು ಹೇಳ್ಲಿ, ಗಾಜು ಮುಟ್ಟಿಲ್ಲ ಅಂತ. ನಾನೂ ಪ್ರತಿ ಶುಕ್ರವಾರ ದೀಪ ತಿಕ್ತೀನಿ. ಬತ್ತಿ ತೆಗ್ದವಳಿಗೆ ಮತ್ತೆ ಬತ್ತಿ ಇಡೋದು ಗೊತ್ತಿರ್ಬೇಕು.’

ಸೆರಗು ಎಳೆದುಕೊಂಡು ಹೋಗಿ, ಆವತ್ತು ಕೂತಿದ್ದ ಜಾಗದಲ್ಲೇ ಕೂತಳು.

‘ತೆಗಿ’ ಅಂದಳು.

ನಾನು ಫೋಟೋದವನಲ್ಲ. ಆದರೆ ಅಷ್ಟು ವರ್ಷ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಕ್ಯಾಮೆರಾವನ್ನು ಹಿಂದೆ ಹಿಂದೆ ಒಯ್ದು ಹಸುವಿನ ಗೊಂತಿನ ಪಕ್ಕ ನಿಲ್ಲಿಸಿದೆ. ಸ್ಟ್ಯಾಂಡಿನ ಕಾಲು ನೋಡಿದೆ. ಕನ್ನಡಕ ಒರೆಸಿಕೊಂಡೆ. ಬಟ್ಟೆಯೊಳಗೆ ಹೋದರೆ, ಗಾಜಿನ ಮೇಲೆ ತಲೆಕೆಳಗಾಗಿ ಅಕ್ಕ ಕೂತಿದ್ದಳು. ಮೂಗುಬೊಟ್ಟಿನ ಕಲ್ಲು, ಹುಬ್ಬಿನ ನಡುವೆ ಎದ್ದಿದ್ದ ಗೆರೆ, ತುಟಿ ಕಚ್ಚಿಕೊಂಡಿದ್ದ ಬಿಗಿ, ಎಲ್ಲ ಸೂಜಿಮೊನೆಯಷ್ಟು ಸ್ಪಷ್ಟವಾಗಿತ್ತು.

ಹೊರಗೆ ಬಂದು ಫಿಲ್ಮಿನ ಚೌಕಟ್ಟು ಹಾಕಿದೆ. ಅವರು ಹೇಳುತ್ತಿದ್ದ ಹಾಗೆಯೇ, ‘ಉಸಿರು ಬಿಡು ಅಕ್ಕ, ಸಿಟ್ಟು ಬಿಡು’ ಅಂದೆ.

‘ಬಿಡಲ್ಲ ನಾಯನಾ’ ಅಂದಳು ಅಕ್ಕ. ‘ಹಿಂಗೇ ಬರಲಿ.’

ನಾನು ಮುಚ್ಚಳ ತೆಗೆದೆ.